ರೋಗಕ್ಕೊಂದು ಸಂಕೇತ, ಸಂಕೇತಕ್ಕೊಂದು ತಾರೀಖು

ಒಂದು ಕಂಬಿಯ ಉದ್ದವನ್ನು ಅಳೆದು ‘25’ ಎಂದಷ್ಟೇ ಬರೆದಿಟ್ಟ ವಿದ್ಯಾರ್ಥಿಯ ಪುಸ್ತಕವನ್ನು ಯಾವ ಉಪಾಧ್ಯಾಯನೂ ಒಪ್ಪುವುದಿಲ್ಲ. ಇಪ್ಪತ್ತೈದು ಎಂದರೆ ಮಿಲಿಮೀಟರೋ, ಸೆಂಟಿಮೀಟರೋ, ಅಂಗುಲವೋ? ಏಕಮಾನವಿಲ್ಲದ ಅಂಕೆಗೆ ಭೌತವಿಜ್ಞಾನದಲ್ಲಿ ಅರ್ಥವಿಲ್ಲ. ಇದೇ ನಿಯಮ ವೈದ್ಯರ ಲೆಕ್ಕದ ಕೋಣೆಯಲ್ಲಿಯೂ ನಡೆಯುತ್ತದೆಂದರೆ ಓದುಗರಿಗೆ ಆಶ್ಚರ್ಯವಾದೀತು. ಅಲ್ಲಿ ಅಂಕೆಯ ಜಾಗದಲ್ಲಿ ರೋಗದ ಸಂಕೇತ ಇರುತ್ತದೆ. ಏಕಮಾನದ ಜಾಗದಲ್ಲಿ, ಆ ಸಂಕೇತವು ಯಾವ ಪರಿಷ್ಕರಣಕ್ಕೆ ಸೇರಿದ್ದು, ಯಾವ ತಾರೀಖಿನಲ್ಲಿ ಜಾರಿಯಲ್ಲಿತ್ತು ಎಂಬ ಮಾಹಿತಿ ಇರುತ್ತದೆ. ಈ ಎರಡನೆಯದು ಕಳೆದುಹೋದರೆ ಮೊದಲನೆಯದು ಕೇವಲ ಗೀಚು.

ಈ ಸಂಗತಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ವೈದ್ಯರಿಗೆ ಸಲ್ಲುವ ಹಣದ ಬಹುಭಾಗವನ್ನು ಕೊಡುವುದು ಖಾಸಗಿ ವಿಮಾ ಸಂಸ್ಥೆಗಳು, ಇಲ್ಲವೆ ಸರ್ಕಾರದ ವಿಮಾ ಯೋಜನೆಗಳು. ವೈದ್ಯರು ಮಾಡಿದ ಕೆಲಸವೂ ಅದಕ್ಕೆ ಕಾರಣವಾದ ರೋಗವೂ ಸಂಕೇತಗಳಾಗಿ ಗಣಕಯಂತ್ರದ ಮೂಲಕ ವಿಮೆಯವರಿಗೆ ಹೋಗುತ್ತವೆ. ಹಣ ಬರುವುದೂ ಬಾರದಿರುವುದೂ ಆ ಸಂಕೇತಗಳನ್ನು ಅವಲಂಬಿಸಿದೆ. ಆ ದೇಶದ ರೋಗಿಗಳ ಟಿಪ್ಪಣಿಗಳನ್ನು ಓದಿ ಸಂಕೇತ ಕೊಡುವ ಕೆಲಸವನ್ನೇ ಉದ್ಯೋಗ ಮಾಡಿಕೊಂಡ ತರುಣ ತರುಣಿಯರು ಬೆಂಗಳೂರಿನಲ್ಲಿಯೂ ಇದ್ದಾರೆ. ಆದಕಾರಣ ಈ ಸಂಕೇತಗಳ ರಚನೆಯನ್ನೂ, ಅವುಗಳನ್ನು ಕಾಯ್ದಿಡುವ ತಂತ್ರಾಂಶದ ಧರ್ಮವನ್ನೂ ನಾವು ಇಲ್ಲಿ ಸ್ವಲ್ಪ ಪರಿಶೀಲಿಸೋಣ.

ಹೆಸರುಗಳ ಗೊಂದಲ

ರೋಗಗಳನ್ನು ಎಣಿಸುವ ಆಸೆ ಹೊಸದಲ್ಲ. ಹದಿನೇಳನೆಯ ಶತಮಾನದ ಲಂಡನ್ ನಗರದಲ್ಲಿ ಸತ್ತವರ ಸಂಖ್ಯೆಯನ್ನೂ ಸಾವಿನ ಕಾರಣವನ್ನೂ ವಾರವಾರವೂ ಅಚ್ಚು ಹಾಕಿಸುತ್ತಿದ್ದರು. ಜಾನ್ ಗ್ರಾಂಟ್ ಎಂಬ ಬಟ್ಟೆಯ ವ್ಯಾಪಾರಿ ಈ ಪಟ್ಟಿಗಳನ್ನು ಕೂಡಿಸಿ, ಹೋಲಿಸಿ, 1662ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಆದರೆ ಆ ಪಟ್ಟಿಗಳಲ್ಲಿದ್ದ ಕಾರಣಗಳ ಹೆಸರುಗಳು ವಿಚಿತ್ರವಾಗಿದ್ದವು. ‘ಹಲ್ಲು’ ಎಂಬುದೂ ಅಲ್ಲಿ ಒಂದು ಮರಣಕಾರಣ! ಹಲ್ಲು ಹುಟ್ಟುವ ವಯಸ್ಸಿನಲ್ಲಿ ತೀರಿಕೊಂಡ ಕೂಸುಗಳನ್ನೆಲ್ಲ ಆ ಹೆಸರಿನ ಕೆಳಗೆ ಸೇರಿಸುತ್ತಿದ್ದರು.

ಮುಂದೆ ಇಂಗ್ಲೆಂಡಿನ ಜನನ ಮರಣ ದಾಖಲೆಯ ಕಚೇರಿಯಲ್ಲಿ ಕೆಲಸಕ್ಕೆ ನಿಂತ ವಿಲಿಯಂ ಫಾರ್ ಈ ದೋಷವನ್ನು 1839ರಲ್ಲಿಯೇ ಎತ್ತಿ ತೋರಿಸಿದನು. ಒಂದೇ ರೋಗಕ್ಕೆ ಮೂರು ನಾಲ್ಕು ಹೆಸರು, ಒಂದೇ ಹೆಸರಿಗೆ ಅಷ್ಟೇ ರೋಗಗಳು; ಹೀಗಿದ್ದರೆ ಎಣಿಕೆಯಿಂದ ಫಲವೇನು ಎಂಬುದು ಅವನ ವಾದ. ಪ್ಯಾರಿಸ್ ನಗರದ ಅಂಕಿ ಅಂಶಗಳ ಮುಖ್ಯಸ್ಥನಾಗಿದ್ದ ಜಾಕ್ ಬೆರ್ಟಿಯೋನ್ ಸಿದ್ಧಪಡಿಸಿದ ಮರಣಕಾರಣಗಳ ವರ್ಗೀಕರಣವನ್ನು 1893ರಲ್ಲಿ ಶಿಕಾಗೋದಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಅಂಗೀಕರಿಸಿತು. 1900ರಲ್ಲಿ ಮೊದಲ ಪರಿಷ್ಕರಣ ನಡೆಯಿತು. 1948ರ ಆರನೆಯ ಪರಿಷ್ಕರಣದ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸವನ್ನು ವಹಿಸಿಕೊಂಡಿತು. ಮರಣಕಾರಣಗಳೊಂದಿಗೆ ಜೀವಂತರನ್ನು ಬಾಧಿಸುವ ರೋಗಗಳಿಗೂ ಆಗ ಸ್ಥಾನ ದೊರೆಯಿತು. ಹತ್ತನೆಯ ಪರಿಷ್ಕರಣಕ್ಕೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದು 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಂದು ಜಾರಿಗೆ ಬಂದಿತು.

ಅಮೆರಿಕದವರು ತಮ್ಮ ಆಸ್ಪತ್ರೆಗಳ ಉಪಯೋಗಕ್ಕಾಗಿ ಈ ಪಟ್ಟಿಯನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಭಾಗಿಸಿಕೊಂಡಿದ್ದಾರೆ. ಅಲ್ಲಿ 2015ರ ಸೆಪ್ಟೆಂಬರ್ 30ರವರೆಗೆ ಒಂಬತ್ತನೆಯ ಪರಿಷ್ಕರಣದ ಆಧಾರದ ಪಟ್ಟಿ ನಡೆಯಿತು. ಮರುದಿನದಿಂದ ಹತ್ತನೆಯದು ಬಂದಿತು. ಒಂದೇ ರಾತ್ರಿಯಲ್ಲಿ ರೋಗಸಂಕೇತಗಳ ಸಂಖ್ಯೆ ಸುಮಾರು 14,000ದಿಂದ ಸುಮಾರು 70,000ಕ್ಕೆ ಏರಿತು.

ಸಂಕೇತದ ಅಂಗಾಂಗ

ನಲವತ್ತು ವರ್ಷದ ಒಬ್ಬ ಹೆಂಗಸು ಆ ದೇಶದ ಹಿಮದ ಮೇಲೆ ಜಾರಿ, ಅಂಗೈ ಊರಿ ಬಿದ್ದು ಬಲ ಮಣಿಕಟ್ಟನ್ನು ಮುರಿದುಕೊಂಡಳೆಂದು ಇಟ್ಟುಕೊಳ್ಳೋಣ. ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ ವರ್ಣಿಸಿದ ಮುರಿತ ಇದು. ಇದಕ್ಕೆ ಅಮೆರಿಕದ ಪಟ್ಟಿಯಲ್ಲಿರುವ ಸಂಕೇತ: ಎಸ್ 52.531 ಎ. ಮೊದಲ ಅಕ್ಷರ ‘ಎಸ್’ ಇದು ಪೆಟ್ಟಿನ ವರ್ಗಕ್ಕೆ ಸೇರಿದ್ದೆಂದು ಹೇಳುತ್ತದೆ. ‘52’ ಸೇರಿದಾಗ ಮುಂದೋಳಿನ ಮೂಳೆಯ ಮುರಿತವೆಂದಾಗುತ್ತದೆ. ಬಿಂದುವಿನ ಮುಂದಿನ ‘5’ ಹೆಬ್ಬೆರಳಿನ ಪಕ್ಕದ ಮೂಳೆಯ ಕೆಳತುದಿಯನ್ನು, ‘3’ ಕಾಲಿಸನ ಮುರಿತವನ್ನು, ‘1’ ಬಲಗೈಯನ್ನು ಸೂಚಿಸುತ್ತವೆ. ಕೊನೆಯ ‘ಎ’ ಎಂದರೆ ಚರ್ಮ ಹರಿಯದ ಮುರಿತಕ್ಕೆ ಮೊದಲ ಹಂತದ ಚಿಕಿತ್ಸೆ ನಡೆಯುತ್ತಿದೆ ಎಂದರ್ಥ. ಮೂಳೆ ಸರಿಯಾಗಿ ಕೂಡುತ್ತಿದ್ದು, ಆಕೆ ಮುಂದೆ ತೋರಿಸಿಕೊಳ್ಳಲು ಬಂದಾಗ ಅದೇ ಜಾಗದಲ್ಲಿ ‘ಡಿ’ ಬರುತ್ತದೆ. ಅಂಚೆಯ ವಿಳಾಸದಲ್ಲಿ ದೇಶ, ಊರು, ಬೀದಿ, ಮನೆ ಇರುವಂತೆ ಇಲ್ಲಿಯೂ ಪ್ರತಿ ಹೆಜ್ಜೆ ಕ್ಷೇತ್ರವನ್ನು ಕಿರಿದುಮಾಡುತ್ತದೆ.

ಇದು ರೋಗದ ಸಂಕೇತ. ವೈದ್ಯರು ಮಾಡಿದ ಕೆಲಸಕ್ಕೆ ಬೇರೆ ಪಟ್ಟಿ ಉಂಟು. ಅಮೆರಿಕದ ವೈದ್ಯಕೀಯ ಸಂಘವು 1966ರಲ್ಲಿ ಮೊದಲು ಪ್ರಕಟಿಸಿದ ಈ ಪಟ್ಟಿಯಲ್ಲಿ ಕೆಲಸಗಳಿಗೆ ಈಗ ಐದು ಸ್ಥಾನಗಳ ಸಂಕೇತಗಳಿವೆ. ಮಣಿಕಟ್ಟಿನ ಎಕ್ಸ್-ಕಿರಣ ಚಿತ್ರಗಳನ್ನು ಕನಿಷ್ಠ ಮೂರು ದಿಕ್ಕುಗಳಿಂದ ತೆಗೆದರೆ 73110; ಎರಡೇ ದಿಕ್ಕುಗಳಿಂದಾದರೆ 73100. ಶಸ್ತ್ರಕ್ರಿಯೆಯಿಲ್ಲದೆ ಕೈಯಿಂದಲೇ ಎಳೆದು ಮೂಳೆಯನ್ನು ಜಾಗಕ್ಕೆ ಕೂರಿಸಿದರೆ 25605. ಕೂರಿಸುವ ಅಗತ್ಯವೇ ಬೀಳದೆ ಕಟ್ಟು ಹಾಕಿದರೆ 25600. ಕೆಲಸ ಬಲಗಡೆಯದೆಂದು ತೋರಿಸಲು ‘ಆರ್ ಟಿ’, ಎಡಗಡೆಯದಾದರೆ ‘ಎಲ್ ಟಿ’ ಎಂಬ ಎರಡಕ್ಷರಗಳನ್ನು ಪಕ್ಕದಲ್ಲಿ ಸೇರಿಸುತ್ತಾರೆ.

ಬಿಲ್ಲಿನ ನಮೂನೆಯಲ್ಲಿ ರೋಗಸಂಕೇತಗಳಿಗೆ ಹನ್ನೆರಡು ಸ್ಥಾನಗಳಿವೆ. ಕೆಲಸದ ಪ್ರತಿಯೊಂದು ಸಾಲೂ ತನಗೆ ಕಾರಣವಾದ ರೋಗವನ್ನು, ನಾಲ್ಕರವರೆಗೆ, ಬೆರಳು ಮಾಡಿ ತೋರಿಸಬೇಕು. ಈ ಕೆಲಸ ಏಕೆ ಮಾಡಿದಿರಿ ಎಂಬ ವಿಮೆಯವರ ಪ್ರಶ್ನೆಗೆ ಈ ಜೋಡಣೆಯೇ ಉತ್ತರ.

ಸಂಕೇತವು ಸಂಖ್ಯೆಯಲ್ಲ

ಇಲ್ಲಿ ತಂತ್ರಾಂಶ ರಚಿಸುವವನು ನೆನಪಿಡಬೇಕಾದ ಮೊದಲ ಪಾಠವುಂಟು. ಸಂಕೇತಗಳು ಸಂಖ್ಯೆಗಳಂತೆ ಕಂಡರೂ ಸಂಖ್ಯೆಗಳಲ್ಲ. ಅವುಗಳನ್ನು ಕೂಡುವುದು, ಕಳೆಯುವುದು ಅರ್ಥಹೀನ. ಒಂಬತ್ತನೆಯ ಪರಿಷ್ಕರಣದ ಅಮೆರಿಕನ್ ಪಟ್ಟಿಯಲ್ಲಿ 250.00 ಎಂದರೆ ತೊಡಕುಗಳಿಲ್ಲದ, ಎರಡನೆಯ ಬಗೆಯ ಸಕ್ಕರೆ ಕಾಯಿಲೆ; 250.0 ಎಂದರೆ ಅಪೂರ್ಣವಾದ, ಬಿಲ್ಲಿಗೆ ಸಲ್ಲದ ಸಂಕೇತ. ಗಣಿತದಲ್ಲಿ ಇವೆರಡೂ ಸಮ. ಗಣಕಕ್ಕೆ ಸಂಖ್ಯೆಯೆಂದು ಕೊಟ್ಟರೆ ಅದು ಕೊನೆಯ ಸೊನ್ನೆಯನ್ನು ಕ್ಷಣದಲ್ಲಿ ನುಂಗಿಬಿಡುತ್ತದೆ. ಪ್ರಯೋಗಶಾಲೆಯಲ್ಲಿಯೂ 2.5 ಸೆಂಟಿಮೀಟರಿಗೂ 2.50 ಸೆಂಟಿಮೀಟರಿಗೂ ವ್ಯತ್ಯಾಸವಿದೆ. ಎರಡನೆಯದು ಹೆಚ್ಚು ಸೂಕ್ಷ್ಮವಾದ ಅಳತೆಯ ಸಾಕ್ಷಿ. ಅರಿವಳಿಕೆಯ ಕೆಲಸಗಳ ಸಂಕೇತಗಳಲ್ಲಿ 00100 ಎಂಬುದೊಂದಿದೆ. ಸಂಖ್ಯೆಯೆಂದು ಭಾವಿಸಿದರೆ ಅದು ಬರಿಯ ನೂರಾಗಿಬಿಡುತ್ತದೆ. ಆದುದರಿಂದ ಸಂಕೇತಗಳನ್ನು ಅಕ್ಷರಗಳ ಸಾಲೆಂದೇ ಕಾಯ್ದಿಡತಕ್ಕದ್ದು.

ತಾಳೆ ನೋಡುವ ಅಂಕೆ

ಬೆರಳಚ್ಚಿನ ತಪ್ಪುಗಳನ್ನು ಯಂತ್ರವೇ ಹಿಡಿಯಲಾರದೆ? ಕೆಲವು ಕಡೆ ಹಿಡಿಯಬಲ್ಲುದು. ಅಮೆರಿಕದಲ್ಲಿ ಪ್ರತಿ ವೈದ್ಯರಿಗೂ ಹತ್ತು ಅಂಕಿಗಳ ಒಂದು ಗುರುತಿನ ಸಂಖ್ಯೆಯಿದೆ. ಇದರ ಕೊನೆಯ ಅಂಕೆ ಮೊದಲ ಒಂಬತ್ತರಿಂದ ಲೆಕ್ಕಹಾಕಿ ಪಡೆದದ್ದು. ಈ ಲೆಕ್ಕದ ಉಪಾಯವನ್ನು ಹಾನ್ಸ್ ಪೀಟರ್ ಲೂನ್ ಎಂಬ ಐಬಿಎಂ ಸಂಸ್ಥೆಯ ಎಂಜಿನಿಯರು ಕಂಡುಹಿಡಿದು 1954ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಓದುಗರು ಕಾಗದ ಪೆನ್ಸಿಲು ಹಿಡಿದು ಇದನ್ನು ಮಾಡಿ ನೋಡಬಹುದು.

ಮೊದಲ ಒಂಬತ್ತು ಅಂಕಿಗಳು 123456789 ಆಗಿರಲಿ. ಬಲತುದಿಯಿಂದ ಆರಂಭಿಸಿ ಒಂದು ಬಿಟ್ಟು ಒಂದನ್ನು ಇಮ್ಮಡಿಸೋಣ. 9, 7, 5, 3, 1 ಎಂಬಿವು 18, 14, 10, 6, 2 ಆಗುತ್ತವೆ. ಎರಡಂಕಿ ಬಂದಲ್ಲಿ ಆ ಎರಡನ್ನೂ ಕೂಡಿಸಿದರೆ 9, 5, 1, 6, 2. ಇವುಗಳ ಮೊತ್ತ 23. ಇಮ್ಮಡಿಸದೆ ಬಿಟ್ಟ 8, 6, 4, 2ರ ಮೊತ್ತ 20. ವೈದ್ಯರ ಸಂಖ್ಯೆಗೆಂದೇ ಗೊತ್ತುಮಾಡಿದ ಸ್ಥಿರಾಂಕ 24. ಮೂರನ್ನೂ ಕೂಡಿದರೆ 67. ಮುಂದಿನ ಹತ್ತರ ಗುಣಕವಾದ 70ನ್ನು ಮುಟ್ಟಲು 3 ಬೇಕು. ಆ 3 ಹತ್ತನೆಯ ಅಂಕೆ. ಪೂರ್ಣ ಸಂಖ್ಯೆ 1234567893. ಗುಮಾಸ್ತನು 5 ಮತ್ತು 6ನ್ನು ಅದಲುಬದಲು ಮಾಡಿದನೆನ್ನೋಣ. ಆಗ ಮೊತ್ತ 68 ಆಗಿ, ಕೊನೆಯಲ್ಲಿ 2 ಇರಬೇಕೆಂದು ಲೆಕ್ಕ ಹೇಳುತ್ತದೆ, ಇರುವುದು 3. ಯಂತ್ರ ಕೂಡಲೇ ತಡೆಯುತ್ತದೆ. ಒಂದೇ ಅಂಕೆ ತಪ್ಪಿದಾಗಲೆಲ್ಲ ಈ ಉಪಾಯ ಫಲಿಸುತ್ತದೆ. ಅಕ್ಕಪಕ್ಕದ ಅಂಕಿಗಳ ಅದಲುಬದಲಿನಲ್ಲಿ 0 ಮತ್ತು 9ರ ಜೋಡಿಯೊಂದೇ ಇದರ ಕಣ್ಣು ತಪ್ಪಿಸಬಲ್ಲುದು.

ಆದರೆ ರೋಗಸಂಕೇತಗಳಲ್ಲಿ ಇಂತಹ ಕಾವಲಿನ ಅಂಕೆಯಿಲ್ಲ. ಎಸ್ 52.531 ಎ ಎಂಬುದರಲ್ಲಿ ಕೊನೆಯ 1ರ ಬದಲು 2 ಬಿದ್ದರೆ ಅದೂ ನ್ಯಾಯವಾದ ಸಂಕೇತವೇ. ಅದರ ಅರ್ಥ ಎಡಗೈಯ ಮುರಿತ. ಕೆಲಸದ ಸಾಲಿನಲ್ಲಿ ‘ಆರ್ ಟಿ’ ಎಂದಿದ್ದು ರೋಗದ ಸಾಲು ಎಡಗೈಯನ್ನು ಹೇಳಿದರೆ, ಎರಡನ್ನೂ ಹೋಲಿಸಬಲ್ಲ ಒಳ್ಳೆಯ ತಂತ್ರಾಂಶ ಬಿಲ್ಲು ಹೊರಡುವ ಮೊದಲೇ ಎಚ್ಚರಿಸುತ್ತದೆ. ಎರಡೂ ಕಡೆ ಎಡವೆಂದೇ ಬರೆದಿದ್ದರೆ ಮಾತ್ರ ಯಾವ ಯಂತ್ರವೂ ಏನನ್ನೂ ಅರಿಯದು. ರೋಗಿಯನ್ನು ನೋಡಿದ ಕಣ್ಣು ಯಂತ್ರಕ್ಕಿಲ್ಲ.

ಕಾಲವೆಂಬ ಏಕಮಾನ

ಈಗ ನಾವು ಆರಂಭದಲ್ಲಿ ಹೇಳಿದ ಮಾತಿಗೆ ಬರೋಣ. ‘ವಿ 10’ ಎಂಬ ವರ್ಗವನ್ನು ತೆಗೆದುಕೊಳ್ಳಿ. ಒಂಬತ್ತನೆಯ ಪರಿಷ್ಕರಣದ ಅಮೆರಿಕನ್ ಪಟ್ಟಿಯಲ್ಲಿ ಇದರ ಅರ್ಥ, ರೋಗಿಗೆ ಹಿಂದೆ ಕ್ಯಾನ್ಸರ್ ಆಗಿತ್ತು ಎಂದು. ಹತ್ತನೆಯದರಲ್ಲಿ ಇದರ ಅರ್ಥ, ಬೈಸಿಕಲ್ಲಿನ ಸವಾರನು ಪಾದಚಾರಿಗೋ ಪ್ರಾಣಿಗೋ ಡಿಕ್ಕಿ ಹೊಡೆದು ಗಾಯಗೊಂಡ ಎಂದು! ಪರಿಷ್ಕರಣ ಯಾವುದೆಂದು ಬರೆದಿಡದ ಕಡತದಲ್ಲಿ ಈ ಎರಡು ಜೀವನಗಳು ಒಂದೇ ಆಗಿಹೋಗುತ್ತವೆ.

ಒಂದೇ ಪರಿಷ್ಕರಣದೊಳಗೂ ಸಂಕೇತಗಳು ಹುಟ್ಟುತ್ತವೆ, ಸಾಯುತ್ತವೆ. ಸೊಂಟನೋವಿಗೆ ಅಮೆರಿಕದಲ್ಲಿ ಎಂ 54.5 ಎಂಬ ಸಂಕೇತವಿತ್ತು. 2021ರ ಅಕ್ಟೋಬರ್ 1ರಿಂದ ಅದನ್ನು ಮೂರಾಗಿ ಒಡೆದು ಎಂ 54.50, ಎಂ 54.51, ಎಂ 54.59 ಎಂದು ಮಾಡಿದರು. ಹಳೆಯದು ಬಿಲ್ಲಿಗೆ ಸಲ್ಲದಾಯಿತು. ಹೊಸ ರೋಗಿಯ ಅತಿ ಸರಳ ಭೇಟಿಗೆ ಇದ್ದ 99201 ಎಂಬ ಕೆಲಸದ ಸಂಕೇತವನ್ನು 2021ರ ಜನವರಿ 1ರಿಂದ ತೆಗೆದುಹಾಕಿದರು.

ಸೆಪ್ಟೆಂಬರ್ 28ರಂದು ಸೊಂಟನೋವಿಗೆ ಚಿಕಿತ್ಸೆ ಪಡೆದವನ ಬಿಲ್ಲನ್ನು ಅಕ್ಟೋಬರ್ 6ರಂದು ಬರೆದರೆ ಯಾವ ಸಂಕೇತ ಹಾಕಬೇಕು? ಬಿಲ್ಲು ಬರೆದ ದಿನದ್ದಲ್ಲ, ಚಿಕಿತ್ಸೆ ನಡೆದ ದಿನದ್ದು. ಆದಕಾರಣ ತಂತ್ರಾಂಶದ ಕೋಷ್ಟಕದಲ್ಲಿ ಪ್ರತಿ ಸಂಕೇತದ ಪಕ್ಕದಲ್ಲಿಯೂ ಅದರ ಅರ್ಥ, ಪರಿಷ್ಕರಣ, ಜಾರಿಗೆ ಬಂದ ದಿನ, ಕೊನೆಗೊಂಡ ದಿನ ಇವಿಷ್ಟೂ ಇರಬೇಕು. ಹೊಸ ಪಟ್ಟಿ ಬಂದಾಗ ಹಳೆಯ ಸಾಲನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯಬಾರದು. ಹಳೆಯದಕ್ಕೆ ಕೊನೆಯ ದಿನವನ್ನು ನಮೂದಿಸಿ, ಕೆಳಗೆ ಹೊಸ ಸಾಲನ್ನು ಸೇರಿಸಬೇಕು. ಒಳ್ಳೆಯ ಶಾನುಭೋಗನು ಖಾತೆ ಬದಲಾದಾಗ ಹಿಂದಿನ ಹಕ್ಕುದಾರನ ಹೆಸರನ್ನು ಕೆರೆದುಹಾಕುತ್ತಿರಲಿಲ್ಲವಷ್ಟೆ.

ಈ ಶಿಸ್ತು ಕೇವಲ ಹಣಕ್ಕಾಗಿ ಅಲ್ಲ. ಕೋವಿಡ್ ರೋಗಕ್ಕೆ ಯು 07.1 ಎಂಬ ಸಂಕೇತ ಅಮೆರಿಕದ ಬಿಲ್ಲುಗಳಲ್ಲಿ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಅದಕ್ಕೆ ಮುಂಚಿನ ರೋಗಿಗಳಿಗೆ ಇತರ ಕೊರೋನಾ ವೈರಸ್ಸುಗಳಿಗೆಂದು ಇದ್ದ ಬಿ 97.29 ಎಂಬ ಸಾಮಾನ್ಯ ಸಂಕೇತವನ್ನು ಬಳಸಲಾಗಿತ್ತು. ಮುಂದೊಬ್ಬ ವಿದ್ಯಾರ್ಥಿ ಯು 07.1ನ್ನು ಮಾತ್ರ ಎಣಿಸಿದರೆ, ಆ ಮಹಾಮಾರಿ ಏಪ್ರಿಲ್ ಒಂದರಂದು ಹಠಾತ್ತನೆ ಉದ್ಭವಿಸಿತೆಂದು ಅವನ ನಕ್ಷೆ ತೋರಿಸುತ್ತದೆ. ಬದಲಾದದ್ದು ರೋಗವಲ್ಲ, ಅಳತೆಗೋಲು.

ವಿಮೆಯ ವಿವರಗಳು

ವಿಮೆಯ ಮಾಹಿತಿಗೂ ಇದೇ ನಿಯಮ. ರೋಗಿ ಬೇರೆ, ವಿಮೆ ಮಾಡಿಸಿದವನು ಬೇರೆ ಆಗಿರಬಹುದು. ಮಗುವಿನ ಚಿಕಿತ್ಸೆಗೆ ತಂದೆಯ ವಿಮೆ ಹಣ ಕೊಡುತ್ತದೆ. ತಂದೆ ಕೆಲಸ ಬದಲಿಸಿದರೆ ವಿಮೆಯೂ ಬದಲಾಗುವುದುಂಟು. ಹಳೆಯ ವಿಮೆಯ ವಿವರವನ್ನು ಅಳಿಸಿ ಹೊಸದನ್ನು ಬರೆದಿಟ್ಟರೆ ಕಳೆದ ತಿಂಗಳ ಬಿಲ್ಲು ತಪ್ಪು ವಿಳಾಸಕ್ಕೆ ಹೋಗುತ್ತದೆ. ಆದ್ದರಿಂದ ಪ್ರತಿ ವಿಮೆಗೂ ಆರಂಭದ ದಿನ, ಮುಗಿದ ದಿನ ಬೇಕು.

ತಂದೆ ತಾಯಿ ಇಬ್ಬರಿಗೂ ವಿಮೆಯಿದ್ದರೆ ಮೊದಲು ಕೊಡಬೇಕಾದವರು ಯಾರು? ಒಟ್ಟಿಗೆ ಬಾಳುವ ದಂಪತಿಗಳ ಮಟ್ಟಿಗೆ ಅಮೆರಿಕದಲ್ಲಿ ರೂಢಿಯಲ್ಲಿರುವ ಕಟ್ಟಳೆ ಸ್ವಾರಸ್ಯವಾಗಿದೆ. ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೆಯೋ ಅವರ ವಿಮೆ ಮೊದಲು. ಹಿರಿಯರು ಯಾರೆಂಬುದು ಇಲ್ಲಿ ಗಣನೆಗೆ ಬಾರದು. ತಿಂಗಳು ಮತ್ತು ದಿನ ಮಾತ್ರ ಮುಖ್ಯ. ಹೀಗೆ ತಂದೆ ತಾಯಿಯ ಜನ್ಮದಿನವೂ ಮಗುವಿನ ಬಿಲ್ಲಿನ ಮಾಹಿತಿಯಾಗುತ್ತದೆ.

ಎರಡಕ್ಷರಗಳ ತೂಕ

ಬಿಲ್ಲಿಗೆ ವಿಮೆಯವರಿಂದ ಬರುವ ಉತ್ತರವೂ ಸಂಕೇತಗಳಲ್ಲಿಯೇ ಇರುತ್ತದೆ. ವೈದ್ಯರು ಕೇಳಿದ್ದು 200 ಡಾಲರ್ ಎಂದಿರಲಿ. ವಿಮೆಯವರು 100 ಕೊಟ್ಟರು. ಉಳಿದ 100 ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಪತ್ರದಲ್ಲಿ ಪೂರ್ತಿ ಲೆಕ್ಕ ಇರಲೇಬೇಕು. ಕೊಟ್ಟ ಹಣ ಮತ್ತು ಕಡಿತಗಳು ಸೇರಿ ಕೇಳಿದ ಹಣಕ್ಕೆ ಸಮವಾಗಬೇಕು. ಶಕ್ತಿಯ ಸಂರಕ್ಷಣ ನಿಯಮವನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ‘ಸಿ ಒ’ ಎಂಬ ಗುರುತಿನೊಡನೆ 80 ಡಾಲರ್ ಕಡಿತವಾಗಿದ್ದರೆ, ವೈದ್ಯರಿಗೂ ವಿಮೆಗೂ ಆದ ಒಪ್ಪಂದದಂತೆ ಆ ಹಣವನ್ನು ವೈದ್ಯರು ಬಿಟ್ಟುಕೊಡಬೇಕು, ರೋಗಿಯಿಂದ ಕೇಳಕೂಡದು. ‘ಪಿ ಆರ್’ ಎಂಬ ಗುರುತಿನ 20 ಡಾಲರ್ ರೋಗಿಯ ಪಾಲು.

ತಂತ್ರಾಂಶವು ಈ ಗುರುತನ್ನು ಕಾಯ್ದಿಡದೆ ‘ಬಾಕಿ 100’ ಎಂದಷ್ಟೇ ಬರೆದುಕೊಂಡರೆ, 20 ಡಾಲರ್ ಕೊಡಬೇಕಾದ ರೋಗಿಯ ಮನೆಗೆ 100ರ ಚೀಟಿ ಹೋಗುತ್ತದೆ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡ ಆ ಹೆಂಗಸಿಗೆ ‘ಸಿ ಒ’, ‘ಪಿ ಆರ್’ಗಳ ಭೇದ ಹೇಗೆ ತಿಳಿದೀತು? ಆಕೆ ಸಾಲಮಾಡಿ ಕೊಟ್ಟುಬಿಡಬಹುದು. ನಿರಾಕರಣೆಯ ಕಾರಣಗಳಿಗೂ ಅಂಕಿಗಳುಂಟು: 11 ಎಂದರೆ ರೋಗಕ್ಕೂ ಮಾಡಿದ ಕೆಲಸಕ್ಕೂ ಹೊಂದಿಕೆಯಿಲ್ಲ; 29 ಎಂದರೆ ಬಿಲ್ಲು ಕಳಿಸುವ ಗಡುವು ಮೀರಿದೆ. ಮೊದಲ ತಪ್ಪನ್ನು ತಿದ್ದಲು ತಡಮಾಡಿದವರಿಗೆ ಎರಡನೆಯದೂ ಗಂಟುಬೀಳುತ್ತದೆ.

ಹಣಕ್ಕೂ ಸಂಕೇತಕ್ಕೂ ನಂಟು ಬಿದ್ದಲ್ಲಿ ಪ್ರಲೋಭನೆಯೂ ಹುಟ್ಟುತ್ತದೆ. ಮಾಡಿದ ಕೆಲಸಕ್ಕಿಂತ ಹೆಚ್ಚಿನ ಸಂಕೇತ ಬರೆದರೆ ಹೆಚ್ಚು ಹಣ. ಇದು ಮೋಸವೆಂಬುದು ಸ್ಪಷ್ಟ. ಜೊತೆಗೆ ಇನ್ನೊಂದು ಹಾನಿಯೂ ಇದೆ. ಹಣದ ಆಸೆಗೆ ಬರೆದ ರೋಗ ರೋಗಿಯ ಕಡತದಲ್ಲಿ ನಿಜವಾದ ರೋಗದಂತೆಯೇ ಉಳಿಯುತ್ತದೆ, ಮುಂದೆ ಆಕೆಯನ್ನು ನೋಡುವ ವೈದ್ಯರನ್ನು ದಾರಿತಪ್ಪಿಸುತ್ತದೆ, ದೇಶದ ರೋಗಗಳ ಎಣಿಕೆಯಲ್ಲಿಯೂ ಸೇರಿಕೊಳ್ಳುತ್ತದೆ. ಫಾರ್ ಹೋಗಲಾಡಿಸಬಯಸಿದ ಗೊಂದಲ ಆಗ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ.

ನಮ್ಮಲ್ಲಿ

ಈ ವಿಚಾರ ದೂರದೇಶದ್ದೆಂದು ನಾವು ಉದಾಸೀನರಾಗಿರುವಂತಿಲ್ಲ. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆಯನ್ನು ಒದಗಿಸುತ್ತದೆ. ನಮ್ಮ ರಾಜ್ಯದಲ್ಲಿ ಇದು ಆರೋಗ್ಯ ಕರ್ನಾಟಕದೊಡನೆ ಸೇರಿಕೊಂಡಿದೆ. ಅಮೆರಿಕದಲ್ಲಿ ವೈದ್ಯರ ಪ್ರತಿ ಕೆಲಸಕ್ಕೂ ಬೇರೆ ಬೇರೆ ಬೆಲೆ ಕಟ್ಟಿದರೆ, ಇಲ್ಲಿ ಚಿಕಿತ್ಸೆಯ ಒಟ್ಟು ಕಟ್ಟಿಗೆ ಒಂದು ಸಂಕೇತ, ಒಂದು ದರ. ಈ ಕಟ್ಟುಗಳ ಪಟ್ಟಿಯೂ ಆಗಾಗ ಪರಿಷ್ಕಾರಗೊಳ್ಳುತ್ತದೆ. ತಾರೀಖಿನ ಮಾತು ಇಲ್ಲಿಗೂ ಅಕ್ಷರಶಃ ಅನ್ವಯಿಸುತ್ತದೆ.

ಇಂತಹ ತಂತ್ರಾಂಶವನ್ನು ಮುಂದೆ ರಚಿಸುವವರೂ, ಅದರ ಮುಂದೆ ಕುಳಿತು ಸಂಕೇತ ಬರೆಯುವವರೂ ಇಂದಿನ ವಿದ್ಯಾರ್ಥಿಗಳೇ. ಅಳತೆ ಮಾಡಿದ ಕೂಡಲೇ ಏಕಮಾನವನ್ನು ಬರೆಯುವ ಅಭ್ಯಾಸವನ್ನು ಅವರು ಪ್ರಯೋಗಶಾಲೆಯಲ್ಲಿ ಈಗಾಗಲೇ ಕಲಿತಿರುತ್ತಾರೆ. ಆ ಅಭ್ಯಾಸವನ್ನೇ ಸಂಕೇತಗಳಿಗೂ ಒಯ್ಯಬೇಕು. ಪರಿಷ್ಕರಣವನ್ನೂ ತಾರೀಖನ್ನೂ ಬಿಡದೆ ಬರೆಯುವುದು, ಹಳೆಯದನ್ನು ಅಳಿಸದಿರುವುದು, ಯಂತ್ರ ಒಪ್ಪಿದ ಮೇಲೂ ರೋಗಿಯ ಟಿಪ್ಪಣಿಯನ್ನು ಇನ್ನೊಮ್ಮೆ ಓದಿ ನೋಡುವುದು, ಇಷ್ಟನ್ನು ಪಾಲಿಸಿದರೆ ಮಣಿಕಟ್ಟು ಮುರಿದುಕೊಂಡ ಹೆಂಗಸಿಗೆ ಬರುವ ಚೀಟಿಯಲ್ಲಿ ಇಪ್ಪತ್ತೇ ಡಾಲರ್ ಇರುತ್ತದೆ.